ಸುನಂದಾ ಮಾವಶಿಯ ತಕರಾರು ಅರ್ಜಿ

ಕಳೆದ ವಾರ ಕೊಲ್ಹಾಪುರದಲ್ಲಿ ನಮ್ಮ ಓಣಿಯ ಹುಡುಗರು ಕಬಡ್ಡಿ ಆಡಲು ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಿದ್ದಾಗ ನಾಲ್ಕು ಹನಿ ಅಡ್ಡಮಳೆ ಬಿತ್ತು. ಕಾದ ಮಣ್ಣಿನ ಮೇಲೆ ಒದ್ದೆಯಾದ ಸುಣ್ಣದ ವಾಸನೆ ಮಾಳಿಗೆಯವರೆಗೂ ಬಂತು. ಒಣಗಿದ ಬಟ್ಟೆ ತೆಗೆಯಲು ಹೋದವಳು ಅಲ್ಲೇ ನಿಂತುಬಿಟ್ಟೆ. ಬೇರೆಯವರಿಗೆ ಅದು ಆಟದ ಮೈದಾನದ ವಾಸನೆ. ನನಗೆ ಅದು ಗಡಹಿಂಗ್ಲಜದ ಹೊಲದ ವಾಸನೆ. ನನ್ನ ಅವ್ವ ಮತ್ತು ಅವಳ ಇಬ್ಬರು ತಂಗಿಯರು, ನನ್ನ ಮಾವಶಿಯರು, ಅಜ್ಜನ ಆಸ್ತಿಯ ಪಾಲಿಗೆ ಕೂತ ಆ ಒಂದು ಬೇಸಗೆಯ ವಾಸನೆ.

ಹೈಸ್ಕೂಲಿನಿಂದಲೂ ನಾನು ದಿನಚರಿ ಬರೆಯುತ್ತೇನೆ. ಹವೆ, ಊಟ, ಬಂದವರು, ಹೋದವರು. ನಾಲ್ಕು ಸಾಲಿಗೆ ದಿನ ಮುಗಿಯುತ್ತದೆ. ಆ ಬೇಸಗೆಯಲ್ಲಿ ಮಾತ್ರ ದಿನಕ್ಕೆ ಎರಡು ಪುಟ ಹಿಡಿಯಿತು, ಕೆಲವು ದಿನ ಮೂರು.

ಮೊದಲು ಮೂವರು ಅಕ್ಕತಂಗಿಯರ ಪರಿಚಯ ಹೇಳಬೇಕು. ಹಿರಿಯಳು ನನ್ನ ಅವ್ವ, ಪದ್ಮಾವತಿ. ಕೊಲ್ಹಾಪುರದಲ್ಲಿ ಸಂಸಾರ, ಅಪ್ಪನದು ಶಿರೋಳಿಯಲ್ಲಿ ಫೌಂಡ್ರಿ. ನಡುವಿನವಳು ತ್ರಿಶಲಾ ಮಾವಶಿ. ಇಚಲಕರಂಜಿಯಲ್ಲಿ ಮೂರಂತಸ್ತಿನ ಮನೆ, ಪಕ್ಕದ ಯಡ್ರಾವದಲ್ಲಿ ಮಗ್ಗದ ಶೆಡ್ಡುಗಳು. ಕಿರಿಯಳು ಸುನಂದಾ ಮಾವಶಿ. ಆಗ ಅವಳಿಗೆ ನಲವತ್ತೊಂದು, ಲಗ್ನವಾಗಿರಲಿಲ್ಲ. ಗಡಹಿಂಗ್ಲಜದ ಮನೆಯಲ್ಲಿ ಅಜ್ಜನ ಜೊತೆಗಿದ್ದು, ಅವರು ಹಾಸಿಗೆ ಹಿಡಿದ ಮೇಲೆ ಹದಿನೆಂಟು ಎಕರೆ ಹೊಲವನ್ನು ತಾನೇ ಮಾಡಿಸಿದವಳು.

ಮೂವರಲ್ಲೂ ರೂಪ ಬೇರೆ, ಬಣ್ಣ ಬೇರೆ, ಬಿಗುಮಾನ ಮಾತ್ರ ಒಂದೇ ಅಚ್ಚಿನದು. ಬಾಯಿಬಿಟ್ಟು ಏನನ್ನೂ ಕೇಳುವುದಿಲ್ಲ. ಪಂಕ್ತಿಯಲ್ಲಿ ಕೂತಾಗ ಇನ್ನೊಂದು ಹೋಳಿಗೆ ಹಾಕಲೇ ಎಂದರೆ ಬೇಡ ಎನ್ನುತ್ತಾರೆ. ಬೇಡ ಎಂದರಲ್ಲ ಎಂದು ಬಡಿಸುವವರು ಮುಂದೆ ಹೋದರೆ ಆ ಮನೆಯ ಹೊಸ್ತಿಲನ್ನೇ ಮತ್ತೆ ತುಳಿಯುವುದಿಲ್ಲ. ಸಾಂಗಲಿಯ ಒಂದು ಮನೆಗೆ ಅವ್ವ ಹೋಗದೆ ಹನ್ನೊಂದು ವರ್ಷವಾಗಿದೆ. ಕಾರಣ ಒಂದು ಹೋಳಿಗೆ.

ಸುನಂದಾ ಮಾವಶಿಯ ಲಗ್ನ ಆಗದೇ ಉಳಿದದ್ದೂ ಇದೇ ದಾರಿಯಲ್ಲಿ. ನೋಡಲು ಬಂದವರಲ್ಲಿ ಒಬ್ಬ ಅಜ್ಜನ ಎದುರು ಕಾಲ ಮೇಲೆ ಕಾಲು ಹಾಕಿದ. ಇನ್ನೊಬ್ಬ ಗೋಡೆಯ ಮೇಲಿನ ಮುತ್ತಜ್ಜನ ಫೋಟೋ ತೋರಿಸಿ ಇವರು ಯಾರು ಎಂದು ಕೇಳಿದ. ಮೂರನೆಯವನದು ಎಲ್ಲ ಸರಿ ಇತ್ತು, ಹೋಗುವಾಗ ಅವನ ತಾಯಿ "ಹುಡುಗಿ ನಮಗ ನಡೀತಾಳ" ಎಂದರಂತೆ. ಒಳಗಿನಿಂದಲೇ ಮಾವಶಿ, "ನಡ್ಯಾಕ ನಾ ಏನು ಸಂತ್ಯಾಗಿನ ಎಮ್ಮಿ ಏನ್ರಿ?" ಎಂದು ಕೂಗಿದಳು. ಆಮೇಲೆ ನೋಡಲು ಬರುವವರೇ ಕಡಿಮೆಯಾದರು.

ಅಜ್ಜ ತೀರಿಕೊಂಡು ವರ್ಷವಾದ ಮೇಲೆ, ಹೋಳಿ ಮುಗಿದ ಮರುವಾರ, ಮೂವರೂ ಇಚಲಕರಂಜಿಯಲ್ಲಿ ತ್ರಿಶಲಾ ಮಾವಶಿಯ ಮನೆಯಲ್ಲಿ ಸೇರಿದರು. ನಮ್ಮ ಕಡೆ ಒಂದು ಪದ್ಧತಿ ಇದೆ. ತಂದೆ ಹೋದ ಮೇಲೆ ಹೆಣ್ಣುಮಕ್ಕಳು ತಮ್ಮ ಪಾಲು ಬೇಡವೆಂದು ಅಣ್ಣತಮ್ಮಂದಿರ ಹೆಸರಿಗೆ ಹಕ್ಕಸೋಡ ಪತ್ರ ಬರೆದುಕೊಡುತ್ತಾರೆ. ಒಂದು ಸೀರೆ ಉಡಿಸಿಕೊಂಡು ಮರಳುತ್ತಾರೆ. ಬರೆದುಕೊಟ್ಟವಳು ದೊಡ್ಡ ಮನಸ್ಸಿನವಳು ಎನಿಸಿಕೊಳ್ಳುತ್ತಾಳೆ. ಅಜ್ಜನಿಗೆ ಗಂಡುಮಕ್ಕಳಿಲ್ಲ. ಹಾಗೆಂದು ದೊಡ್ಡ ಮನಸ್ಸಿನವಳು ಎನಿಸಿಕೊಳ್ಳುವುದನ್ನು ಬಿಡಲು ಅವ್ವ ತಯಾರಿರಲಿಲ್ಲ.

"ನಾವಿಬ್ಬರೂ ಹಕ್ಕಸೋಡ ಮಾಡಿಕೊಡ್ತೇವಿ ಸುನಿ. ಹೊಲ ಎಲ್ಲಾ ನಿನಗ ಇರಲಿ. ನಮಗ ದೇವರು ಭಾಳ ಕೊಟ್ಟಾನ," ಎಂದಳು ಅವ್ವ.

"ಹಕ್ಕಸೋಡ ಮಾಡೂದು ತಮ್ಮಗ. ನಾ ನಿಮ್ಮ ತಮ್ಮ ಏನು?" ಎಂದಳು ಸುನಂದಾ ಮಾವಶಿ.

"ತಮ್ಮ ಅಲ್ಲ, ಖರೆ. ಆದರ ಒಬ್ಬಾಕಿನ ಇದ್ದೀ, ಮುಂದ ಹೆಂಗ ಅಂತ..."

"ಅಂದರ ಕರುಣಾ. ನಿಮ್ಮ ಕರುಣಾದ ಹೊಲದಾಗ ನಾ ಕಬ್ಬು ಹಚ್ಚಂಗಿಲ್ಲ ಅಕ್ಕಾ. ಮೂರು ಪಾಲು ಮಾಡ್ರಿ."

ಚಹಾದ ತಟ್ಟೆ ಹಿಡಿದು ಬರುತ್ತಿದ್ದ ತ್ರಿಶಲಾ ಮಾವಶಿ ಅದನ್ನು ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. "ನಾವು ಕೊಟ್ಟದ್ದು ನಿನಗ ಭಿಕ್ಷಾ ಆತೇನು? ಆತು ಬಿಡು. ಸರಕಾರಿ ಮೋಜಣಿ ಮಾಡಸೂಣು. ಒಂದು ಗೇಣೂ ಆಚೀಚೆ ಆಗಬಾರದು."

ಹೀಗೆ, ಮೂವರೂ ನನಗೆ ಬೇಡ ನನಗೆ ಬೇಡ ಎನ್ನುತ್ತಲೇ ಜಗಳ ಶುರುವಾಯಿತು. ಆ ದಿನ ಚಹಾ ಯಾರೂ ಕುಡಿಯಲಿಲ್ಲ. ಪ್ರತಿ ಬೇಸಗೆ ಮೂವರೂ ಗಡಹಿಂಗ್ಲಜದಲ್ಲಿ ಕೂಡಿ ಮೆಣಸಿನಕಾಯಿ ಬಿಡಿಸಿ ವರ್ಷದ ಖಾರ ಕುಟ್ಟಿಸುತ್ತಿದ್ದರು; ಆ ಸಲ ಮೂರು ಊರಿನಲ್ಲಿ ಮೂರು ಖಾರ ತಯಾರಾಯಿತು. ನಾನು ಮೂರನ್ನೂ ತಿಂದಿದ್ದೇನೆ. ಮೂರಕ್ಕೂ ಉಪ್ಪು ಹೆಚ್ಚಾಗಿತ್ತು.

ಬಿ.ಕಾಂ. ಕೊನೆಯ ಪರೀಕ್ಷೆ ಮುಗಿಸಿ ನಾನು ಖಾಲಿ ಕೂತಿದ್ದೆ. ಅವ್ವ ನನ್ನ ಬ್ಯಾಗು ತುಂಬಿದಳು.

"ನನಗೇನು ಹೊಲ ಬೇಕಾಗಿಲ್ಲ ಅನು. ಆದರ ನನ್ನ ಕಣ್ಣ ಮುಂದ ಯಾರೂ ನನಗ ಮೋಸ ಮಾಡಬಾರದು."

"ನಿನ್ನ ಕಣ್ಣು ಕೊಲ್ಹಾಪುರದಾಗ ಅದಾವಲ್ಲ ಅವ್ವ."

"ಅದಕ್ಕ ನಿನ್ನ ಕಳಸಾಕತ್ತೇನಿ."

ಗಡಹಿಂಗ್ಲಜದ ಹೊಲದಲ್ಲಿ ಕಬ್ಬು ಕಟಾವಾಗಿ ನೆಲ ಬೋಳಾಗಿತ್ತು. ಮೇಲಿನ ಭಾಗ ಗುಡ್ಡದ ಕಡೆ ಕಲ್ಲು ಕಲ್ಲು, ಕೆಳಗಿನ ಭಾಗ ಹೊಳೆಯ ಕಡೆ ಕರಿ ಮಣ್ಣು, ನಡುವೆ ಒಂದು ಬೇವಿನ ಮರ, ಅದರ ಬುಡದಲ್ಲಿ ಕಲ್ಲು ಕಟ್ಟಿದ ಬಾವಿ. ಇಡೀ ಹೊಲಕ್ಕೆ ಒಂದೇ ಬಾವಿ. ಬಾವಿ ಯಾರ ಪಾಲಿಗೆ ಬೀಳುತ್ತದೆ ಎಂಬುದನ್ನು ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಮೂವರೂ ಅದರ ಸುತ್ತಲೇ ಮಾತಾಡುತ್ತಿದ್ದರು. ನಮ್ಮ ಮನೆತನದ ರೂಢಿ ಪ್ರಕಾರ ಹಿರಿಯರು ಪಾಲು ಮಾಡಬೇಕು, ಕಿರಿಯರು ಮೊದಲು ಎತ್ತಬೇಕು. ಅಂದರೆ ಅವ್ವ ಭಾಗ ಮಾಡುವವಳು, ಸುನಂದಾ ಮಾವಶಿ ಮೊದಲು ಆರಿಸುವವಳು. ಅದಕ್ಕೂ ಮೊದಲು ಮೋಜಣಿ ಆಗಿ, ಮೂವರೂ ಒಪ್ಪಿ ಸಹಿ ಮಾಡಬೇಕು.

ಮಹಾವೀರ ಜಯಂತಿ ಕಳೆದ ಮೇಲೆ ಹೊಲ ಅಳೆಯುವ ಸರಕಾರಿ ಮೋಜಣಿದಾರರು ಬಂದರು. ಹೆಸರು ಶೀತಲ. ನಲವತ್ತನಾಲ್ಕರ ಆಸುಪಾಸಿನ ಗಂಡಸು, ಬಿಸಿಲಿಗೆ ಕಂದಿದ ಮುಖ, ಕಿಸೆಯಲ್ಲಿ ಎರಡು ಪೆನ್ನು. ಮೋಟರ್ ಸೈಕಲ್ಲಿಗೆ ಉದ್ದಕ್ಕೆ ಕಟ್ಟಿದ ಒಂದು ಕೋಲು, ಅದರ ತುದಿಯಲ್ಲಿ ಅಣಬೆಯಂಥ ಯಂತ್ರ. ತ್ರಿಶಲಾ ಮಾವಶಿ ಇಚಲಕರಂಜಿಯಿಂದ ಕಾರಿನಲ್ಲಿ ಬಂದು ಬೇವಿನ ನೆರಳಲ್ಲಿ ತನ್ನದೇ ಮಡಚುವ ಕುರ್ಚಿ ಹಾಕಿಸಿಕೊಂಡು ಕೂತಳು. ತಂಗಿಯ ಮನೆಯ ಕುರ್ಚಿ ಅವಳಿಗೆ ಬೇಡವಾಗಿತ್ತು.

ಸುನಂದಾ ಮಾವಶಿ ಕೋಲನ್ನು ಮೇಲಿಂದ ಕೆಳಗೆ ನೋಡಿದಳು. "ಸರಪಳಿ ಎಲ್ಲಿ ಸಾಹೇಬ್ರ?"

"ಸರಪಳಿ ಕಾಲ ಹೋತ್ರಿ ಅಕ್ಕಾರ. ಈಗ ಮ್ಯಾಲಿಂದ ಉಪಗ್ರಹ ಹೇಳ್ತಾವ, ಇದು ಬರಕೋತೈತಿ."

"ನಿಮ್ಮ ಉಪಗ್ರಹ ನಮ್ಮ ಹೊಲಕ್ಕ ಒಂದು ದಿನಾನಾರ ನೀರು ಹಾಯಿಸ್ಯಾವೇನ್ರಿ?"

ಶೀತಲ ಸಾಹೇಬರು ನಕ್ಕುಬಿಟ್ಟರು. ಸುಮ್ಮನೆ ಮುಗುಳ್ನಗೆ ಅಲ್ಲ, ಕೋಲು ಅಲುಗಾಡುವಷ್ಟು ನಕ್ಕರು. ಸುನಂದಾ ಮಾವಶಿಯ ಎದುರು ಹಾಗೆ ನಗುವವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಆ ದಿನದ ಪುಟದಲ್ಲಿ ಬರೆದಿದ್ದೇನೆ: "ಮಾವಶಿ ಸಿಟ್ಟಾಗಲಿಲ್ಲ. ಕಾರಣ ತಿಳಿಯಲಿಲ್ಲ."

ಸಂಜೆ ಹೊತ್ತಿಗೆ ಅವರು ಹೊಲದ ಸುತ್ತ ಸುಣ್ಣದ ಪುಡಿಯಿಂದ ಗೆರೆ ಎಳೆದು ಮುಗಿಸಿದರು. ಸಹಿ ಮಾಡುವ ಹೊತ್ತಿಗೆ ಸುನಂದಾ ಮಾವಶಿ, "ಮೂಡಲ ಬದು ಬರೋಬರಿ ಬಂದಿಲ್ಲ ಅನಸ್ತೈತಿ," ಎಂದಳು. ತ್ರಿಶಲಾ ಮಾವಶಿ ಕುರ್ಚಿಯಿಂದ ಅರ್ಧ ಎದ್ದಳು. ಸಾಹೇಬರು ಬೇಜಾರು ಮಾಡಿಕೊಳ್ಳದೆ, "ಇನ್ನೊಮ್ಮೆ ಬಂದು ನೋಡ್ತೀನ್ರಿ ಅಕ್ಕಾರ," ಎಂದರು.

ಎರಡನೇ ಸಲ ಬಂದ ದಿನ ಒಂದು ಸಂಗತಿ ಗೊತ್ತಾಯಿತು. ಅವರೂ ನಮ್ಮಂತೆ ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಆದರೆ ಗಡಹಿಂಗ್ಲಜದ ಅವರ ಖಾನಾವಳಿಯಲ್ಲಿ ಒಲೆ ಹೊತ್ತುವುದೇ ಕತ್ತಲಾದ ಮೇಲೆ. ಮೂವರು ತಂಗಿಯರ ಲಗ್ನ ಮಾಡುವುದರಲ್ಲಿ ತಮ್ಮ ಲಗ್ನದ ವಯಸ್ಸು ದಾಟಿದ ಮನುಷ್ಯ, ಮನೆಯಲ್ಲಿ ಅಡುಗೆಯವರಿಲ್ಲ. ಹೆಚ್ಚಿನ ಸಂಜೆ ಎರಡು ಬಾಳೆಹಣ್ಣು ತಿಂದು ಮಲಗುತ್ತಿದ್ದರು.

"ಬಾಳಿಹಣ್ಣು ತಿಂದು ಅಳದರ ಬದು ಸೊಟ್ಟ ಬರೂದ," ಎಂದು ಮಾವಶಿ ಅವರಿಗೆ ಪಡಸಾಲೆಯಲ್ಲಿ ಮಣೆ ಹಾಕಿದಳು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರು, ಶೇಂಗಾ ಹಿಂಡಿ. ಸಾಹೇಬರು ಎರಡು ರೊಟ್ಟಿ ಮುಗಿಸಿ ತಲೆಯೆತ್ತಿ ಹೇಳಿದರು:

"ಇನ್ನೊಂದು ರೊಟ್ಟಿ ಹಾಕ್ರಿ. ಎಣ್ಣಿಗಾಯೂ ಬೇಕು. ಭಾಳ ಛಲೋ ಆಗೈತಿ."

ನಾನು ಮಾವಶಿಯ ಮುಖ ನೋಡಿದೆ. ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಯಾರೂ ಹೀಗೆ ಕೇಳಿದ್ದಿಲ್ಲ. ಅವಳು ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು, ದೇವರ ಎದುರು ಆರತಿ ಹಿಡಿದವಳ ಹಾಗೆ. "ಹಾಕ್ತೀರೋ, ಇಲ್ಲಾ ನೋಡಿ ಹೊಟ್ಟಿ ತುಂಬಿಸಿಕೊಳ್ಳಲ್ಯೋ?" ಎಂದರು ಸಾಹೇಬರು. ಆಗ ಹಾಕಿದಳು. ಒಂದಲ್ಲ, ಎರಡು.

ಸಹಿ ಮಾಡುವ ಹೊತ್ತಿಗೆ ಪಡುವಣ ಬದುವಿನ ಮೇಲೆ ಅನುಮಾನ ಬಂತು.

ಮೂರನೇ ಸಲ ಗುಡ್ಡದ ಕಡೆಯ ಮೂಲೆಗಲ್ಲು ಸರಿದಂತೆ ಕಂಡಿತು. ನಾಲ್ಕನೇ ಸಲ ಬೇವಿನ ಮರವೇ ಹಿಂದೆ ಇಲ್ಲಿರಲಿಲ್ಲವೇನೋ ಎಂದಳು. ಪ್ರತಿ ಸಂಜೆ ನಾನು ಅವ್ವನಿಗೆ ಫೋನು ಮಾಡುತ್ತಿದ್ದೆ.

"ಇವತ್ತ ಸಹಿ ಆತೇನು?"

"ಇಲ್ಲವ್ವ. ಮೂಲಿಗಲ್ಲಿನ ಮ್ಯಾಲೆ ತಕರಾರು."

"ಎಷ್ಟು ಆಶಾ ನೋಡು ಇಕಿದು! ಬಾವಿ ಎಲ್ಲಿ ಬೀಳ್ತೈತಿ ಅಂತ ಲೆಕ್ಕ ಹಾಕಾಕತ್ತಾಳ. ನಾವು ಇಡೀ ಹೊಲ ಕೊಟ್ಟಾಗ ಬ್ಯಾಡಂದಾಕಿ."

ತ್ರಿಶಲಾ ಮಾವಶಿಯೂ ಅದನ್ನೇ ನಂಬಿದ್ದಳು. ನಾನು ಕೂಡ ಹೆಚ್ಚುಕಡಿಮೆ ಅದನ್ನೇ ನಂಬಿದ್ದೆ. ನನ್ನ ದಿನಚರಿಯಲ್ಲಿ ಒಂದು ಪುಟದಲ್ಲಿ ಬದುಗಳ ಹೆಸರು, ಎದುರು ಪುಟದಲ್ಲಿ ಅಡುಗೆಗಳ ಹೆಸರು ಸಾಲಾಗಿ ಇದ್ದವು. ಮೂಡಲ ಬದು, ಎಣ್ಣೆಗಾಯಿ. ಪಡುವಣ ಬದು, ಗೋಧಿ ಹುಗ್ಗಿ. ಮೂಲೆಗಲ್ಲು, ಕಟ್ಟಿನ ಸಾರು ಮತ್ತು ಹೋಳಿಗೆ. ಎರಡೂ ಪುಟಗಳನ್ನು ಒಟ್ಟಿಗೆ ಓದಬೇಕೆಂದು ನನಗೆ ಹೊಳೆದಿರಲಿಲ್ಲ. ಇನ್ನೊಂದನ್ನೂ ಬರೆದಿಟ್ಟಿದ್ದೆ: ಸಾಹೇಬರು ತ್ರಿಶಲಾ ಮಾವಶಿಗೆ ಪ್ರತಿ ಮಾತಿಗೂ "ಅಕ್ಕಾರ" ಅನ್ನುತ್ತಾರೆ, ಸುನಂದಾ ಮಾವಶಿಗೆ ಮಾತ್ರ ಮೂರನೇ ಸಲದಿಂದ ಬರೀ "ಏನ್ರಿ" ಅನ್ನುತ್ತಾರೆ. ಮರೆತಿರಬೇಕು ಎಂದುಕೊಂಡಿದ್ದೆ.

ಮೇ ನಡುವಿಗೆ ಎರಡು ಸಂಗತಿ ಒಟ್ಟಿಗೆ ಆದವು. ಶೀತಲ ಸಾಹೇಬರಿಗೆ ಚಂದಗಡಕ್ಕೆ ವರ್ಗವಾಯಿತು, ತಿಂಗಳ ಕೊನೆಗೆ ಹೋಗಬೇಕು. ಚಂದಗಡ ದೂರವೇನಲ್ಲ, ಬಸ್ಸು ಬೇಕಾದಷ್ಟಿವೆ. ಆದರೆ ಮೋಜಣಿದಾರನಿಗೆ ಬೇರೆ ತಾಲೂಕಿನ ಹೊಲದಲ್ಲಿ ಏನು ಕೆಲಸ? ಕೆಲಸವಿಲ್ಲದೆ ಒಬ್ಬ ಗಂಡಸು ಒಬ್ಬಳೇ ಇರುವ ಹೆಂಗಸಿನ ಮನೆಗೆ ಊಟಕ್ಕೆ ಬರುವುದು ಗಡಹಿಂಗ್ಲಜದಲ್ಲಿ ನಡೆಯುವ ಮಾತಲ್ಲ.

ಎರಡನೆಯದು, ತ್ರಿಶಲಾ ಮಾವಶಿಯ ತಾಳ್ಮೆ ಮುಗಿಯಿತು. ಐದನೇ ಸಲದ ಸಂಜೆ ಕುರ್ಚಿಯಿಂದ ಎದ್ದು ನಿಂತಳು.

"ನಿನ್ನ ಬಾಯಿಮಾತಿನ ತಕರಾರು ಸಾಕಾತು ಸುನಿ. ದಮ್ಮಿದ್ದರ ಕಾಗದದ ಮ್ಯಾಲೆ ಬರದು ಕೊಡು. ಇಲ್ಲಾಂದ್ರ ಸುಮ್ಮನ ಸಹಿ ಮಾಡು."

ದಮ್ಮಿನ ಮಾತು ಬಂದ ಮೇಲೆ ಸುನಂದಾ ಮಾವಶಿ ಸಹಿ ಮಾಡುವುದುಂಟೆ? ಮರುದಿನ ಬೆಳಿಗ್ಗೆ ಮುದ್ದಾದ ಅಕ್ಷರದಲ್ಲಿ ಮೋಜಣಿ ತನಗೆ ಒಪ್ಪಿಗೆಯಿಲ್ಲವೆಂದು ಬರೆದು ಕಚೇರಿಗೆ ಕೊಟ್ಟು ಬಂದಳು. ಬರುವಾಗ ಪೇಟೆಯಿಂದ ಗೋಡಂಬಿ, ಏಲಕ್ಕಿ ತಂದಳು. ಲಿಖಿತ ತಕರಾರು ಎಂದರೆ ಕನಿಷ್ಠ ಎರಡು ದಿನದ ಅಳತೆ ಆಗುತ್ತದೆ ಎಂದು ಅವಳ ಅಂದಾಜು. ಶ್ರೀಖಂಡಕ್ಕೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದಳು.

ಮೊಸರಿನ ನೀರು ಇಳಿಯುವ ಮೊದಲೇ ಕಚೇರಿಯಿಂದ ತಿಳಿದು ಬಂದದ್ದು ಬೇರೆ. ಲಿಖಿತ ತಕರಾರು ಬಂದರೆ ಅದೇ ಮೋಜಣಿದಾರ ಮತ್ತೆ ಬರುವಂತಿಲ್ಲ. ಮೇಲಿನ ಸಾಹೇಬರು ಬಂದು ಅಳೆಯುತ್ತಾರೆ. ಅವನು ಮಾಡಿದ್ದು ಸರಿಯೋ ತಪ್ಪೋ ಎಂದು ತಪಾಸಣೆ ಮಾಡುತ್ತಾರೆ.

ಆ ಸಂಜೆ ಶೀತಲ ಸಾಹೇಬರು ಬಂದರು. ಕೋಲು ಇರಲಿಲ್ಲ. ಬಾಗಿಲ ಹೊರಗೇ ನಿಂತರು.

"ಹದಿನೆಂಟು ವರ್ಷದಾಗ ನನ್ನ ಅಳತಿ ಮ್ಯಾಲೆ ಯಾರೂ ಬರದು ಕೊಟ್ಟಿರಲಿಲ್ರಿ," ಎಂದರು. ದನಿ ಏರಿರಲಿಲ್ಲ, ಅದಕ್ಕೇ ಕೇಳಲು ಕಷ್ಟವಾಯಿತು. "ಎಲ್ಲಿ ತಪ್ಪೇನಿ ತೋರಸ್ರಿ. ತಪ್ಪಿದ್ದರ ಒಪ್ಗೋತೇನಿ."

ಮಾವಶಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಒಳಗ ಬರ್ರಿ. ಹೊತ್ತು ಮುಳುಗಾಕ ಬಂತು. ಎರಡು ರೊಟ್ಟಿ..."

"ಬ್ಯಾಡ್ರಿ ಅಕ್ಕಾರ," ಎಂದು ಅವರು ಹೊರಟುಹೋದರು.

ಮತ್ತೆ ಅಕ್ಕಾರ! ಆ ಒಂದು ಮಾತಿಗೆ ಮಾವಶಿಯ ಮುಖ ಹೇಗಾಯಿತೆಂದರೆ, ನನಗೆ ಎದುರುಬದುರಿನ ಎರಡೂ ಪುಟಗಳು ಒಮ್ಮೆಲೇ ಅರ್ಥವಾದವು.

ಅವಳು ಹಿತ್ತಲ ಕಟ್ಟೆಯ ಮೇಲೆ ಹೋಗಿ ಕೂತಳು. ನಾನೂ ಹೋಗಿ ಕೂತೆ.

"ಮಾವಶಿ, ಮೋಜಣಿ ತಪ್ಪೇನು?"

"ಕೂದಲೆಳಿ ತಪ್ಪಿಲ್ಲ."

"ಮತ್ತ?"

"ತಪ್ಪಿಲ್ಲ ಅಂದಿದ್ದರ ಮೊದಲ ದಿನಾನ ಮುಗೀತಿತ್ತಲ್ಲ."

"ಸುಮ್ಮನ ಬರ್ರಿ ಅಂದಿದ್ದರ ಬರ್ತಿದ್ದರು."

"ಏನಂತ ಕರೀಲಿ? ನೀವು ಊಟಕ್ಕ ಕುಂತರ ನನಗ ಛಲೋ ಅನಸ್ತೈತಿ ಅಂತನಾ? ನಮ್ಮ ಮನಿ ಹೆಣಮಕ್ಕಳು ಹಂಗ ಅಂತಾರೇನು?"

"ಅಕ್ಕಂದಿರು ನಿನ್ನ ಆಶಾಬುರುಕಿ ಅಂತ ಅನ್ನಾಕತ್ತಾರ."

"ಅನ್ನಲಿ. ಅದರಾಗ ಮಾನ ಹೋಗಂಗಿಲ್ಲ."

ನನಗೆ ನಗು ಬಂತು, ಅವಳ ಕಣ್ಣು ನೋಡಿ ನುಂಗಿಕೊಂಡೆ. ಈಗ ಅವಳ ಮುಂದೆ ಎರಡೇ ದಾರಿ ಇದ್ದವು. ಸುಮ್ಮನಿದ್ದರೆ ಒಬ್ಬ ಒಳ್ಳೆಯ ಕೆಲಸಗಾರನ ಹೆಸರಿಗೆ ತಕರಾರಿನ ಮಚ್ಚೆ ಅಂಟುತ್ತದೆ, ಅವರು ಚಂದಗಡಕ್ಕೆ ಹೋಗುವುದು ಇವಳನ್ನು ಸುಳ್ಳಿ ಎಂದುಕೊಂಡೇ. ಬಾಯಿಬಿಟ್ಟರೆ ನಲವತ್ತೊಂದು ವರ್ಷ ಕಾಪಾಡಿಕೊಂಡು ಬಂದ ಬಿಗುಮಾನ ಹೊಲದ ನಡುವೆ, ನಾಲ್ಕು ಜನರ ಎದುರು ಬಿಚ್ಚಿಬೀಳುತ್ತದೆ. ಶ್ರೀಖಂಡ ಯಾರೂ ತಿನ್ನಲಿಲ್ಲ. ಮೂರನೇ ದಿನ ಹುಳಿಯಾಯಿತು.

ತಪಾಸಣೆಯ ದಿನ ಕೊಲ್ಹಾಪುರದಿಂದ ಅವ್ವನೂ ಬಂದಳು. ತಂಗಿಯ ಆಸೆಗೆ ಸರಕಾರ ಏನು ಉತ್ತರ ಕೊಡುತ್ತದೆ ಎಂದು ಕಣ್ಣಾರೆ ನೋಡಬೇಕಾಗಿತ್ತು. ಅಕ್ಕಪಕ್ಕದ ಹೊಲದವರು ಬದುವಿನ ಮೇಲೆ ಸಾಲಾಗಿ ಕೂತರು. ಮೇಲಿನ ಸಾಹೇಬರು ದಪ್ಪ ಮನುಷ್ಯ, ತಂಪು ಕನ್ನಡಕ, ತಲೆಯ ಮೇಲೆ ಕರವಸ್ತ್ರ. ಬಿಸಿಲಿಗೆ ಹತ್ತು ಹೆಜ್ಜೆಗೊಮ್ಮೆ ನಿಂತು ಗುಡ್ಡವನ್ನು ಬಯ್ಯುತ್ತಿದ್ದರು. ಶೀತಲ ಸಾಹೇಬರು ದೂರದಲ್ಲಿ, ಕೈ ಹಿಂದೆ ಕಟ್ಟಿಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ನಿಂತ ವಿದ್ಯಾರ್ಥಿಯಂತೆ ನಿಂತಿದ್ದರು.

ಮಧ್ಯಾಹ್ನದ ಮೇಲೆ ಅಳತೆ ಮುಗಿಯಿತು. ದಪ್ಪ ಸಾಹೇಬರು ಎರಡೂ ನಕ್ಷೆಗಳನ್ನು ಬೇವಿ‌ನ ಕಟ್ಟೆಯ ಮೇಲೆ ಹರಡಿದರು.

"ಕಾಹೀಚ ಫರಕ ನಾಹೀ. ಏನೂ ಫರಕ ಇಲ್ರಿ. ಶೀತಲ ಮಾಡಿದ್ದು ಬರೋಬರಿ ಐತಿ." ಆಮೇಲೆ ಕನ್ನಡಕ ತೆಗೆದು ಸುನಂದಾ ಮಾವಶಿಯ ಕಡೆ ತಿರುಗಿದರು. "ತಾಈ, ಇಷ್ಟು ಬಿಸಲಾಗ ನನ್ನ ಕರಸೀರಿ. ತಕರಾರು ಯಾವ ಆಧಾರದ ಮ್ಯಾಲೆ ಕೊಟ್ರಿ?"

ಎಲ್ಲರೂ ಅವಳನ್ನು ನೋಡಿದರು. ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿದಳು. ಮಾವಶಿ ಎದ್ದು ನಿಂತು ಸೀರೆಯ ನೆರಿಗೆ ಸರಿ ಮಾಡಿಕೊಂಡಳು.

"ಮೋಜಣಿ ಮೊದಲಿಂದನೂ ಬರೋಬರಿ ಇತ್ರಿ. ನನಗ ಗೊತ್ತಿತ್ತು."

"ಮತ್ತ ತಕರಾರು ಯಾಕ?"

"ಸಾಹೇಬ್ರು ಇನ್ನೊಮ್ಮೆ ಬರಲಿ ಅಂತ."

ದಪ್ಪ ಸಾಹೇಬರು ಬೆವರು ಒರೆಸುತ್ತಿದ್ದ ಕೈಯನ್ನು ಎದೆಯ ಮೇಲಿಟ್ಟುಕೊಂಡರು. "ನಾನಾ?"

"ನೀವಲ್ರಿ! ಅವರು."

ಬದುವಿನ ಮೇಲೆ ಯಾರೋ ಒಬ್ಬರು ಕೆಮ್ಮಿದರು. ಅವ್ವ ತ್ರಿಶಲಾ ಮಾವಶಿಯ ಕುರ್ಚಿಯ ಮೇಲೆ ಕುಸಿದು ಕೂತಳು. ತನ್ನ ಕುರ್ಚಿ ಹೋಯಿತೆಂಬ ಪರಿವೆಯೂ ಇಲ್ಲದೆ ತ್ರಿಶಲಾ ಮಾವಶಿ ನಿಂತೇ ಇದ್ದಳು.

"ಐದು ಸಲ?" ಎಂದಳು ಅವಳು. "ನಾ ಐದು ಸಲ ಇಚಲಕರಂಜಿಯಿಂದ ಬಂದೇನಲ್ಲೇ ಸುನಿ, ಇದಕ್ಕನಾ?"

"ನಿನ್ನ ಯಾರು ಕರದಿದ್ದರು ಅಕ್ಕಾ? ನಾ ಕರದದ್ದು ಅವರನ್ನ."

ಅವ್ವ ಕುರ್ಚಿಯಲ್ಲಿ ನೆಟ್ಟಗಾದಳು. ಎಲ್ಲರ ಎದುರು ಶೀತಲ ಸಾಹೇಬರನ್ನು ಹತ್ತಿರ ಕರೆದು ಊರು ಯಾವುದು, ಮನೆದೇವರು ಯಾವುದು, ತಾಯಿ ಇದ್ದಾರೆಯೇ, ಹೊಲ ಇದೆಯೇ ಎಂದು ಕೇಳಿದಳು. ಅವರು ಎಲ್ಲಕ್ಕೂ ನೇರ ಉತ್ತರ ಕೊಟ್ಟರು. ತಾಯಿ ಇದ್ದಾರೆ. ಹೊಲ ಇಲ್ಲ.

"ಹದಿನೆಂಟು ವರ್ಷ ಮಂದಿ ಹೊಲ ಅಳದು ತಮಗೊಂದು ಹೊಲ ಇಲ್ಲೇನ್ರಿ?" ಎಂದಳು ಅವ್ವ.

"ಅಳಿಯೂದಷ್ಟ ನನ್ನ ಕೆಲಸರಿ ಅಕ್ಕಾರ."

"ಆತು. ಈಗ ಇಕಿ ಹಿಂಗಂದಾಳ. ನೀವೇನಂತೀರಿ?"

ಶೀತಲ ಸಾಹೇಬರು ನಕ್ಷೆಯನ್ನು ನೋಡಿದರು, ತಮ್ಮ ಮೇಲಧಿಕಾರಿಯನ್ನು ನೋಡಿದರು, ಕೊನೆಗೆ ಸುನಂದಾ ಮಾವಶಿಯನ್ನು ನೋಡಿದರು. "ಮೊದಲ ಅವರು ಅರ್ಜಿ ವಾಪಸ್ ತೊಗೊಳ್ಳಲಿ," ಎಂದರು.

"ಆಮ್ಯಾಲೆ?"

"ಆಮ್ಯಾಲೆ ಏನ್ರಿ, ಹೊತ್ತು ಮುಳುಗಾಕ ಇನ್ನೂ ಟೈಮ್ ಐತಿ. ಊಟಾ ಮಾಡೂಣು. ನನಗ ಭಾಳ ಹಸಿವಿ ಆಗೈತಿ."

ಮಾವಶಿ ಅರ್ಜಿ ಹಿಂಪಡೆಯುವ ಕಾಗದವನ್ನು ಬೇವಿನ ಕಟ್ಟೆಯ ಮೇಲೆಯೇ, ಅವರದೇ ಕಿಸೆಯ ಪೆನ್ನಿನಿಂದ ಬರೆದಳು. ಈ ಸಲ ಅಕ್ಷರ ಅಷ್ಟು ಮುದ್ದಾಗಿರಲಿಲ್ಲ. ಆಮೇಲೆ ಮನೆಯಲ್ಲಿ ದೊಡ್ಡ ಗಲಾಟೆ. ಎರಡು ತಿಂಗಳು ತಂಗಿಯ ಮನೆಯ ನೀರನ್ನೂ ಮುಟ್ಟದ ಇಬ್ಬರು ಅಕ್ಕಂದಿರು ರೊಟ್ಟಿ ಯಾರು ಬಡಿಯಬೇಕು ಎಂದು ಒಲೆಯ ಮುಂದೆ ವಾದಿಸಿದರು. ದಪ್ಪ ಸಾಹೇಬರೂ ಊಟಕ್ಕೆ ನಿಂತರು. ಅವರು ಆರು ರೊಟ್ಟಿ ತಿಂದರು. ಹೋಗುವಾಗ, ಇನ್ನೇನಾದರೂ ತಕರಾರಿದ್ದರೆ ಧಾರಾಳವಾಗಿ ಬರೆದು ಕೊಡಿ ಎಂದರು.

ಪಾಲು ಎತ್ತುವ ದಿನ ಜೂನಿನ ಮಿರಗದ ಮಳೆಗೆ ಇನ್ನೂ ವಾರವಿತ್ತು. ದೀಪಾವಳಿ ಮುಗಿದ ಮೇಲೆ ಮಾವಶಿಯ ಮತ್ತು ಸಾಹೇಬರ ಲಗ್ನ ಎಂದು ಆಗಲೇ ಗೊತ್ತಾಗಿತ್ತು. ಶೀತಲ ಸಾಹೇಬರು ಆ ದಿನ ಬರಲಿಲ್ಲ. ಅಳೆದವನು ಪಾಲಿನ ದಿನ ಹತ್ತಿರ ಸುಳಿಯಬಾರದು, ಮಂದಿ ಆಡಿಕೊಳ್ಳುತ್ತಾರೆ ಎಂದು ಚಂದಗಡದಲ್ಲೇ ಉಳಿದರು. ಬಿಗುಮಾನ ಅವರಲ್ಲೂ ಇತ್ತು, ಆದರೆ ಉಪ್ಪಿನಷ್ಟು ಮಾತ್ರ.

ಅವ್ವ ಮತ್ತು ತ್ರಿಶಲಾ ಮಾವಶಿ ಹಿಂದಿನ ದಿನವೇ ಫೋನಿನಲ್ಲಿ ಮಾತಾಡಿಕೊಂಡಿದ್ದರು. ಸುನಿಯನ್ನು ತಪ್ಪು ತಿಳಿದದ್ದಕ್ಕೆ ಅವರಿಬ್ಬರಿಗೂ ಒಳಗೊಳಗೇ ಚುಚ್ಚುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಪೈಕಿಯವರಲ್ಲವಲ್ಲ. ಹಾಗಾಗಿ ಒಂದು ಉಪಾಯ ಹೂಡಿದರು. ಅವಳು ನಾಚಿಕೊಂಡು ಗುಡ್ಡದ ಕಡೆಯ ಕಲ್ಲು ಪಾಲನ್ನೇ ಎತ್ತುತ್ತಾಳೆ; ಆಗ ತಾವಿಬ್ಬರೂ ಒತ್ತಾಯ ಮಾಡಿ ಬಾವಿಯ ಪಾಲನ್ನು ಅವಳ ಉಡಿಗೆ ಹಾಕುವುದು. ಅವ್ವ ಅದಕ್ಕೆ ನಾಲ್ಕು ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದಳು. ದಾರಿಯಲ್ಲಿ ನನ್ನ ಮುಂದೆ ಒಮ್ಮೆ ಒಪ್ಪಿಸಿ ಕೂಡ ನೋಡಿದಳು.

ಬೇವಿನ ಕೆಳಗೆ ನಕ್ಷೆ ಹರಡಿತ್ತು. ಅವ್ವ ಗಂಟಲು ಸರಿ ಮಾಡಿಕೊಂಡು, "ಕಿರಿಯಾಕಿ ಮೊದಲ ಎತ್ತಬೇಕು. ನೋಡು ಸುನಿ, ಸಾವಕಾಶ ವಿಚಾರ ಮಾಡಿ..." ಎಂದು ಶುರು ಮಾಡುವುದರೊಳಗೆ ಸುನಂದಾ ಮಾವಶಿ ನಡುವಿನ ಪಾಲಿನ ಮೇಲೆ ಬೆರಳಿಟ್ಟಳು.

"ಬಾವಿ ಇರೂ ಪಾಲು ನನಗ."

ಅವ್ವ ನಕ್ಷೆಯ ಮೇಲೆ ಬಗ್ಗಿ ಆ ಬೆರಳನ್ನೇ ನೋಡಿದಳು.

"ನೀರು ನಿಮಗೂ ಬಿಡ್ತೇನಿ, ಸರದಿ ಹಚ್ಚಿ. ಆದರ ಬಾವಿ ನನಗ. ಇಷ್ಟು ವರ್ಷ ಅದರ ಹೂಳು ತಗಿಸಿದಾಕಿ ನಾನು."

"ಅಲ್ಲೇ, ನಾವ ಅದನ್ನ ನಿನಗ ಕೊಡಾಕ ಬಂದಿದ್ವಿ!" ಎಂದಳು ತ್ರಿಶಲಾ ಮಾವಶಿ. ಕೊಡಲು ತಂದ ವಸ್ತುವನ್ನು ಕೈಯಿಂದ ಕಸಿದುಕೊಂಡಷ್ಟು ಸಂಕಟ ಅವಳಿಗೆ.

"ನೀವು ಕೊಡೂ ತನಕ ನಾ ಯಾಕ ಕುಂತು ಕಾಯಲಿ ಅಕ್ಕಾ? ಬೇಕಾಗಿತ್ತು, ತೊಗೊಂಡೆ."

ತ್ರಿಶಲಾ ಮಾವಶಿ ಹೊಳೆಯ ಕಡೆಯ ಪಾಲು ಎತ್ತಿದಳು. ಗುಡ್ಡದ ಕಲ್ಲು ಅವ್ವನಿಗೆ ಉಳಿಯಿತು. ಮೂವರೂ ಸಹಿ ಮಾಡಿದರು. ಸುನಂದಾ ಮಾವಶಿ ಮುಂದಿನ ಬಿತ್ತನೆಯ ಮಾತು ಆಡಲು ಆಳುಗಳ ಕಡೆ ನಡೆದಳು, ಹಿಂತಿರುಗಿ ನೋಡಲಿಲ್ಲ.

ಮರಳುವಾಗ ಇಬ್ಬರೂ ಒಂದೇ ಕಾರಿನಲ್ಲಿ ಬಂದರು, ನಾನು ಮುಂದೆ ಡ್ರೈವರ್ ಪಕ್ಕ ಕೂತಿದ್ದೆ. ಸಂಕೇಶ್ವರ ದಾಟಿದೆವು. ಜಗಳವಾಗಿದೆಯೋ ಏನೋ ಎಂದು ನಾನು ಕನ್ನಡಿಯಲ್ಲಿ ನೋಡಿದೆ. ಇಬ್ಬರೂ ಒಂದೊಂದು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

"ನಾವೂ ಕೇಳಬೇಕಾಗಿತ್ತೇನ ತ್ರಿಶಲಾ?" ಎಂದಳು ಅವ್ವ.

"ಏನನ್ನ?"

"ಏನಾರ."

ನಿಪ್ಪಾಣಿ ಹತ್ತಿರ ರಸ್ತೆಯ ಬದಿಯಲ್ಲಿ ಕಬ್ಬಿನ ಹಾಲಿನ ಅಂಗಡಿಯೊಂದು ಕಾಣಿಸಿತು. ಮಳೆ ಬರುವುದೆಂದು ಅಂಗಡಿಯವನು ಆಗಲೇ ಚಪ್ಪರದ ಗೋಣಿತಟ್ಟು ಬಿಚ್ಚುತ್ತಿದ್ದ.

"ಗಾಡಿ ನಿಲ್ಲಸಪಾ," ಎಂದಳು ತ್ರಿಶಲಾ ಮಾವಶಿ ಡ್ರೈವರನಿಗೆ. "ನನಗ ಕಬ್ಬಿನ ಹಾಲು ಬೇಕು."

ಅಂಗಡಿಯವನು ಮುಚ್ಚಿತ್ರಿ ಅಕ್ಕಾರ ಎಂದ. ಮುಚ್ಚಿದ್ದನ್ನು ತೆರೆಯಿರಿ ಎಂದಳು ಅವ್ವ. ಅವನು ಗೊಣಗುತ್ತ ಗಾಣ ತಿರುಗಿಸಿದ. ಮೊದಲ ಗ್ಲಾಸಿಗೆ ತ್ರಿಶಲಾ ಮಾವಶಿ ಶುಂಠಿ ಕೇಳಿದಳು. ಅವ್ವ ನಿಂಬೆಹಣ್ಣು ಕೇಳಿದಳು, ಆಮೇಲೆ ಬರ್ಫು, ಆಮೇಲೆ ಇನ್ನೂ ಸ್ವಲ್ಪ ಬರ್ಫು. ಐವತ್ತು ದಾಟಿದ ಇಬ್ಬರು ಹೆಂಗಸರು ರಸ್ತೆಯ ಪಕ್ಕ ನಿಂತು, ಗ್ಲಾಸು ಖಾಲಿಯಾದೊಡನೆ, ಯಾರೂ ಒತ್ತಾಯ ಮಾಡುವ ಮೊದಲೇ, ಕೈ ಮುಂದೆ ಚಾಚಿದರು.

"ಇನ್ನೊಂದು," ಎಂದಳು ಅವ್ವ. "ತುಂಬ ಹಾಕ್ರಿ."